ಮಾವನವರ ಗಾಳಿ ವಿಮಾನ

ಮೊನ್ನೆ ಮೊಮ್ಮಗಳಿಗೆಂದು ತಂದ, ಈಜುವಾಗ ಸೊಂಟಕ್ಕೆ ಹಾಕಿಕೊಳ್ಳುವ ಗಾಳಿಬಳೆಯನ್ನು ಊದಿಕೊಡುವ ಕೆಲಸ ಇವತ್ತು ನನ್ನ ಪಾಲಿಗೆ ಬಂತು. ಮನೆಯಲ್ಲಿ ನನಗಿಂತ ಗಟ್ಟಿ ಉಸಿರಿನವರು ಇದ್ದಾರೆ. ಆದರೆ ಅವರಿಗೆಲ್ಲ ಕೆಲಸವಿದೆ, ನನಗೊಬ್ಬಳಿಗೆ ಇಲ್ಲ ಎಂಬುದು ಮನೆಯ ಸರ್ವಾನುಮತದ ತೀರ್ಮಾನ. ಸರಿ, ಕುರ್ಚಿಯಲ್ಲಿ ಕುಳಿತು ಅದರ ಪುಟ್ಟ ಮೂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೊದಲ ಉಸಿರು ಬಿಟ್ಟೆನೋ ಇಲ್ಲವೋ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಅದರ ಮೇಲೆ ಬಳಿದ ಪೌಡರಿನ ರುಚಿ ಎರಡೂ ಒಟ್ಟಿಗೆ ಗಂಟಲಿಗೆ ಇಳಿದವು. ಬೇರೆಯವರಿಗೆ ಹಳೆಯ ವಾಸನೆಯೊಂದು ಮೂಗಿಗೆ ಬಡಿದರೆ ಕಣ್ಣು ತೇವವಾಗುತ್ತದಂತೆ. ನನಗೆ ಮೈ ಉರಿಯಿತು. ಇಷ್ಟು ವರ್ಷವಾದ ಮೇಲೂ ಹೀಗೆ ಉರಿಯಬೇಕಾದರೆ ಅದು ಎಂಥ ವಾಸನೆ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ.

ಎಪ್ಪತ್ತರ ದಶಕದ ನಡುವಿನ ಮಾತು. ಹೊಸದುರ್ಗದ ಕಡೆಯ ಹಳ್ಳಿಯವಳಾದ ನಾನು ಹೊಳಲ್ಕೆರೆಯ ಗೋಣಿಚೀಲದ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮಣ್ಣಿನ ಮಾಳಿಗೆಯ ದೊಡ್ಡ ಮನೆ. ದೊಡ್ಡದಾಗಿದ್ದದ್ದು ನಾನು ಬರುವವರೆಗೆ ಮಾತ್ರ. ಬಂದ ತಿಂಗಳೊಳಗೆ ನಡುಮನೆಯ ಉದ್ದಕ್ಕೂ ಇಟ್ಟಿಗೆಯ ಗೋಡೆಯೊಂದು ಎದ್ದು ಮನೆ ಅರ್ಧವಾಯಿತು. ಈಚೆಗೆ ಮಾವ, ಅತ್ತೆ, ನಮ್ಮವರು ಮತ್ತು ನಾನು. ಆಚೆಗೆ ಮಾವನ ಒಬ್ಬನೇ ಅಣ್ಣ, ಅಂದರೆ ನನ್ನ ದೊಡ್ಡಮಾವ, ಮತ್ತು ದೊಡ್ಡತ್ತೆ. ಅವರ ಹೆಣ್ಣುಮಕ್ಕಳು ಆಗಲೇ ಮದುವೆಯಾಗಿ ಹೋಗಿದ್ದರು.

ಜಗಳ ಆಸ್ತಿಗೆ ಆದದ್ದಲ್ಲ. ಆಗಿದ್ದರೆ ನನಗೂ ಒಂದು ಮರ್ಯಾದೆ ಇರುತ್ತಿತ್ತು. ಜಗಳ ಆದದ್ದು ನನ್ನ ಮದುವೆಯ ಲಗ್ನಪತ್ರಿಕೆಗೆ. ಮನೆಗೆ ಹಿರಿಯರಾದ ದೊಡ್ಡಮಾವನ ಹೆಸರು ಎಲ್ಲಕ್ಕಿಂತ ಮೇಲೆ ಬರಬೇಕಿತ್ತು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಅದು ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ಕೊನೆಯಲ್ಲಿ ‘ಹಾಗೂ ಬಂಧುಮಿತ್ರರು’ ಎಂದಿತ್ತು. ದೊಡ್ಡಮಾವ ಅಂಗಡಿ ಸಾಲಿನಲ್ಲಿ ಎಲ್ಲರ ಎದುರಿಗೆ ತಮ್ಮನನ್ನು ಬಾಯಿಗೆ ಬಂದಂತೆ ಬೈದು, ಮದುವೆಗೆ ಬಂಧುಮಿತ್ರರ ಹಾಗೆಯೇ ಬಂದು, ಹಿಂದಿನ ಸಾಲಿನಲ್ಲಿ ಕುಳಿತು, ಕೊನೆಯ ಪಂಕ್ತಿಯಲ್ಲಿ ಉಂಡು, ಅಕ್ಷತೆ ಹಾಕಿ ಹೋದರು. ಹೋದವರು ನೇರವಾಗಿ ಗೌಂಡಿಯನ್ನು ಕರೆಸಿದರು.

ಆ ಗೋಡೆಯಾದರೂ ಪೂರ್ತಿಯಾಯಿತೇ ಎಂದರೆ ಅದೂ ಇಲ್ಲ. ತೊಲೆಗೆ ಇನ್ನೊಂದು ಮೊಳ ಇರುವಾಗ ಗೌಂಡಿ ತನ್ನ ಊರಿನ ಹಬ್ಬಕ್ಕೆಂದು ಹೋದ. ಮತ್ತೆ ಅವನನ್ನು ಕರೆಯಬೇಕಾದವರು ಯಾರು? ಮಾವ, “ಕಟ್ಟಿಸಿದೋರು ಕರೀಲಿ” ಎಂದರು. ದೊಡ್ಡಮಾವ, “ಕಟ್ಟೋ ಹಂಗೆ ಮಾಡಿದೋರು ಕರೀಲಿ” ಎಂದರು. ಮಾತು ಬಿಟ್ಟವರು ಕೂತು ಮಾತಾಡಿ ಇದನ್ನು ಬಗೆಹರಿಸುವುದು ಹೇಗೆ? ಹೀಗಾಗಿ ಗೋಡೆಯ ಮೇಲೆ ಆ ಸಂದು ಹಾಗೆಯೇ ಉಳಿಯಿತು. ಒಗ್ಗರಣೆಯ ಘಾಟು, ಕೆಮ್ಮು, ಆಕಳಿಕೆ ಎಲ್ಲವೂ ಅದರ ಮೂಲಕ ಓಡಾಡುತ್ತಿದ್ದವು. ರೇಡಿಯೋ ಅವರ ಕಡೆ ಇತ್ತು. ವಾರ್ತೆಯ ಹೊತ್ತಿಗೆ ಮಾವ ಗೋಡೆಗೆ ಬೆನ್ನು ಕೊಟ್ಟು, ಕೇಳಿಸಿಕೊಳ್ಳುತ್ತಿಲ್ಲ ಎಂಬ ಮುಖ ಮಾಡಿಕೊಂಡು ಕೂರುತ್ತಿದ್ದರು. ಅಂಗಡಿಯನ್ನು ಮಾತ್ರ ಒಡೆಯಲಿಲ್ಲ. ಒಂದೇ ಗಾದಿಯ ಎರಡು ತುದಿಗೆ ಕುಳಿತು, “ಆ ಚೀಲ ಎಲ್ಲಿ ಇಟ್ರು ಅಂತ ಅವರನ್ನ ಕೇಳು” ಎಂದು ಗುಮಾಸ್ತನ ಮೂಲಕ ಮಾತಾಡುತ್ತಿದ್ದರಂತೆ. ಪಾಪ, ಆ ಗುಮಾಸ್ತನಿಗೆ ನಡುವೆ ಕುಳಿತು ಇಬ್ಬರ ಕಡೆಗೂ ಕತ್ತು ತಿರುಗಿಸುವುದೇ ಕೆಲಸವಾಗಿತ್ತು. ಹೆಂಗಸರು ಮಾತ್ರ ಹಿತ್ತಲಲ್ಲಿ ಸಾರು, ಮಜ್ಜಿಗೆ ಬದಲಾಯಿಸಿಕೊಳ್ಳುತ್ತ ಎಂದಿನಂತೆ ಇದ್ದರು. ಗಂಡಸರು ಅದೇ ಸಾರು ಉಂಡು ಅದು ಎಲ್ಲಿಂದ ಬಂತೆಂದು ಕೇಳುತ್ತಿರಲಿಲ್ಲ.

ನಗುವ ಮಾತು ಇಷ್ಟಕ್ಕೇ ಮುಗಿಯುತ್ತದೆ. ಸೊಸೆ ಬಂದಳು, ಗೋಡೆ ಎದ್ದಿತು. ಎರಡನ್ನೂ ಜೋಡಿಸಲು ಊರಿಗೆ ಎಷ್ಟು ಹೊತ್ತು ಬೇಕು? ನೀರಿಗೆ ಹೋದರೆ, ಅರಿಶಿನ ಕುಂಕುಮಕ್ಕೆ ಹೋದರೆ, ‘ಕಾಲ್ಗುಣ’ ಎಂಬ ಮಾತು ನನ್ನ ಬೆನ್ನ ಹಿಂದೆ ಬರುತ್ತಿತ್ತು. ಒಂದು ದಿನ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಒಳಗೆ ಯಾರೊಂದಿಗೋ ಮಾತಾಡುತ್ತಿದ್ದ ಅತ್ತೆಯ ಬಾಯಲ್ಲೂ ಅದೇ ಮಾತು ಕೇಳಿದೆ. “ಇವಳು ಕಾಲಿಟ್ಟ ಗಳಿಗೆ ನೋಡು, ಹುಟ್ಟಿದಾಗಿನಿಂದ ಒಂದೇ ತಟ್ಟೇಲಿ ಉಂಡೋರು ಬೇರೆ ಆದ್ರು.” ನಾನು ಆ ಬಟ್ಟೆಯನ್ನು ಎಷ್ಟು ಹೊತ್ತು ಹಿಂಡಿದೆನೋ ನನಗೇ ಗೊತ್ತಿಲ್ಲ. ಗಂಡನ ಹತ್ತಿರ ಹೇಳಿದರೆ, “ಬಿಡು, ದೊಡ್ಡೋರು ಏನೋ ಅಂತಾರೆ” ಎಂದರು. ಬಿಟ್ಟೆ. ಬಿಟ್ಟದ್ದು ಹೊರಗೆ ಹೋಗಲಿಲ್ಲ, ಒಳಗೇ ಇತ್ತು.

ಇಂಥ ಮನೆಗೆ ವಿಮಾನ ಬಂತು. ನನ್ನ ಅಣ್ಣ ಲಾರಿ ಓಡಿಸುತ್ತಿದ್ದ. ಈರುಳ್ಳಿ ತುಂಬಿಕೊಂಡು ಮದ್ರಾಸಿಗೆ ಹೋದವನು ಅಲ್ಲಿ ಬಂದರಿನ ಹತ್ತಿರದ ಅಂಗಡಿಯಲ್ಲಿ ಫಾರಿನ್ ಸಾಮಾನೆಂದು ಒಂದು ಪೊಟ್ಟಣ ಕೊಂಡು ತಂದಿದ್ದ. ನನಗಾಗ ಐದು ತಿಂಗಳು. “ಹುಟ್ಟೋ ಮಗೀಗೆ ಇರ್ಲಿ” ಎಂದು ಕೊಟ್ಟು ಹೋದ. ಬಿಚ್ಚಿದರೆ ಹಪ್ಪಳಕ್ಕಿಂತ ತೆಳುವಾದ ಪ್ಲಾಸ್ಟಿಕ್, ಇದೇ ವಾಸನೆ, ಇದೇ ಪೌಡರು. ಬಿಳಿಯ ಮೈ, ಕೆಂಪು ರೆಕ್ಕೆ, ಹೊಟ್ಟೆಯ ಕೆಳಗೆ ಊದುವ ನಳಿಕೆ. ನಾನು ಮಡಿಚಿ ಪೆಟ್ಟಿಗೆಯಲ್ಲಿ ಇಡುವುದರೊಳಗೆ ಮಾವ, “ತೂತು ಗೀತು ಐತೇನೋ ನೋಡಾಣ ತಾ” ಎಂದರು.

ಮಾವ ಹೇಗಿದ್ದರೆಂದು ನಿಮಗೆ ಹೇಳಬೇಕು. ಪೇಟೆಯಲ್ಲಿ ಅವರು ನಕ್ಕದ್ದನ್ನು ಕಂಡವರು ಕಡಿಮೆ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಮಡಿಕೆ ಕೆಡದ ವಲ್ಲಿ, ತಿಂಡಿಗೆ ಉಪ್ಪು ಕಡಿಮೆಯಾದರೆ ಹುಬ್ಬಿನಲ್ಲೇ ತಿಳಿಸುವವರು. ಅವರು ಕೆನ್ನೆ ಉಬ್ಬಿಸಿ ಅದನ್ನು ಊದಿದರು. ರೆಕ್ಕೆಗಳು ಮೊಳದುದ್ದ ಚಾಚಿಕೊಂಡವು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಅದು ಬೀಳಲಿಲ್ಲ. ಪಡಸಾಲೆಯಿಂದ ಹೊರಟು, ಯಾವ ಅವಸರವೂ ಇಲ್ಲದೆ, ನಡುಮನೆ ದಾಟಿ, ದೇವರ ಕೋಣೆಯ ಹೊಸ್ತಿಲ ಹತ್ತಿರ ಹೋಗಿ ಕುಳಿತಿತು. ಮಾವ ಹೋಗಿ ಎತ್ತಿಕೊಂಡು ಬಂದು ಇನ್ನೊಮ್ಮೆ ಬಿಟ್ಟರು.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಹೊರಗೆ ಆಷಾಢದ ಗಾಳಿ, ಬಿಟ್ಟರೆ ಅದು ಮೈಲಿಗಟ್ಟಲೆ ಆಚೆಯ ಹೊರಕೆರೆದೇವರಪುರದಲ್ಲಿ ಇಳಿಯುತ್ತಿತ್ತು. ಮೇಲಾಗಿ ಅಷ್ಟು ದೊಡ್ಡ ವ್ಯಾಪಾರಸ್ಥರು ಬೀದಿಯಲ್ಲಿ ಆಟಿಕೆ ಬಿಡುವುದುಂಟೇ? ಹಾಗಾಗಿ ಎಲ್ಲ ಮನೆಯೊಳಗೇ. ಮಧ್ಯಾಹ್ನ ಊಟಕ್ಕೆಂದು ಬಂದವರು ಅವಸರದಲ್ಲಿ ಉಂಡು, ಮುಂಬಾಗಿಲು ಹಾಕಿಸಿ, ಹಿಂಬಾಗಿಲು ಹಾಕಿಸಿ, ಶುರು ಮಾಡುತ್ತಿದ್ದರು. ನಾನು ಒಲೆಯ ಮುಂದೆ ಬೆವರುತ್ತ ಬೇಯುತ್ತಿದ್ದೆ. ಸಾರಿನ ಪಾತ್ರೆ ಹಿಡಿದು ಹೊರಟರೆ, “ಅಲ್ಲೇ ನಿಂತ್ಕ ತಾಯಿ. ನೀನು ಓಡಾಡಿದ್ರೆ ಗಾಳಿ ಏಳತೈತೆ” ಎನ್ನುತ್ತಿದ್ದರು. ಸುಡುವ ಪಾತ್ರೆ ಹಿಡಿದ ಬಸುರಿ ಹೆಂಗಸು ಹೊಸ್ತಿಲಲ್ಲಿ ನಿಂತಿರಬೇಕು, ವಿಮಾನ ಆರಾಮವಾಗಿ ಹಾರಿ ಹೋಗಿ ಇಳಿಯಬೇಕು. ಅತ್ತೆಯ ಉಪ್ಪಿನಕಾಯಿ ಜಾಡಿಗಳು ಗೂಡಿನಿಂದ ಕೆಳಗಿಳಿದವು, ಯಾಕೆಂದರೆ ರೆಕ್ಕೆ ತಗಲುತ್ತಿತ್ತು. ದೀಪ ಹಚ್ಚುವ ಹೊತ್ತು ಮುಂದೆ ಹೋಯಿತು, ಯಾಕೆಂದರೆ ಪ್ಲಾಸ್ಟಿಕ್ ಕರಗುತ್ತಿತ್ತು. ಒಂದು ದಿನ ನಾದಿಟ್ಟ ಹಿಟ್ಟಿನ ಮೇಲೆ ಇಳಿಯಿತು. ನಾನು ಎತ್ತಿ ಕೊಡುವಾಗ ಮಾವ ಹಿಟ್ಟಿನ ಗತಿ ಏನಾಯಿತೆಂದು ಕೇಳಲಿಲ್ಲ. “ಮೂತಿಗೆ ಹಿಟ್ಟು ಮೆತ್ತೈತೆ, ಒರೆಸು. ಭಾರ ಆದ್ರೆ ಮುಗ್ಗರಿಸತೈತೆ” ಎಂದರು.

ನನ್ನ ಗಂಡನಾದರೂ ನನ್ನ ಪರ ನಿಂತರೇ? ಅವರು ಇನ್ನೊಂದು ತುದಿಯಲ್ಲಿ ನಿಂತು ವಾಪಸು ಬಿಡುವ ಕೆಲಸ ಹಿಡಿದರು. ಮದುವೆಯಾಗಿ ಎರಡು ವರ್ಷದಲ್ಲಿ ಅಪ್ಪ ಮಗ ಒಂದೇ ಕೋಣೆಯಲ್ಲಿ ಅಷ್ಟು ಹೊತ್ತು ಇದ್ದದ್ದನ್ನು ನಾನು ಕಂಡದ್ದು ಆಗಲೇ. ಅತ್ತೆ ಮಾತ್ರ ಅಕ್ಕಿ ಆರಿಸುತ್ತ ತಲೆ ಎತ್ತದೆ, “ಇಮಾನ ಬಂತು, ತಗ್ಗು” ಎಂದು ನನಗೆ ಹೇಳುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ತಗ್ಗುತ್ತಿದ್ದೆ.

ಒಂದು ಮಧ್ಯಾಹ್ನ ಮಾಳಿಗೆಯ ಬೆಳಕಿಂಡಿಯಿಂದ ರಭಸದ ಗಾಳಿಯೊಂದು ಒಳಗಿಳಿಯಿತು. ನಡುಮನೆಯ ನಡುವೆ ಹೋಗುತ್ತಿದ್ದ ವಿಮಾನ ಮೂತಿ ಎತ್ತಿತು, ಮೇಲಕ್ಕೇರಿತು, ಅರೆಬರೆ ಗೋಡೆಯ ಮೇಲಿನ ಸಂದಿನಲ್ಲಿ ತೂರಿ ಆಚೆಗೆ ಹೋಯಿತು. ಮಾವನ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಆಚೆ ಕಡೆ ರೇಡಿಯೋ ನಿಂತಿತು.

“ಹೋದ್ರೆ ಹೋಯ್ತು” ಎಂದರು ಮಾವ. ಆ ಸಂಜೆ ಅರ್ಧ ರೊಟ್ಟಿಗೆ ಕೈ ತೊಳೆದರು. ಮರುದಿನ ನನ್ನನ್ನು ಕರೆದು, “ನಿನ್ನ ಸಾಮಾನಲ್ಲವೇನವ್ವ ಅದು? ನಿಮ್ಮಣ್ಣ ಕೊಟ್ಟಿದ್ದು. ನೀನು ಹೋಗಿ ಕೇಳಬಹುದು” ಎಂದರು. ಇಷ್ಟು ದಿನ ಅದು ನನ್ನದೆಂಬುದು ಯಾರಿಗೂ ನೆನಪಿರಲಿಲ್ಲ. ಹೋದೆ. ದೊಡ್ಡಮಾವ ಜಮಖಾನೆಯ ಮೇಲೆ ಕುಳಿತಿದ್ದರು. ತಮ್ಮನಿಗಿಂತ ದಪ್ಪ, ತಮ್ಮನಿಗಿಂತ ಗಂಟುಮುಖ. ಅವರ ಬೆನ್ನಿನ ಹಿಂದಿನಿಂದ ಒಂದು ಕೆಂಪು ರೆಕ್ಕೆ ಹೊರಗೆ ಚಾಚಿತ್ತು.

“ದೊಡ್ಡಮಾವ, ಒಂದು ಸಾಮಾನು ಬಿದ್ದೈತಂತೆ.”

“ನಮ್ಮನೇಲಿ ಏನೂ ಬಿದ್ದಿಲ್ಲವಲ್ಲಮ್ಮ” ಎಂದರು ಅವರು, ನನ್ನ ಕಣ್ಣನ್ನೇ ನೋಡುತ್ತ. ಅಡುಗೆಮನೆ ಬಾಗಿಲಲ್ಲಿ ದೊಡ್ಡತ್ತೆ ಸೆರಗು ಬಾಯಿಗೆ ಇಟ್ಟುಕೊಂಡು ನಗು ತಡೆಯುತ್ತಿದ್ದರು. ಅವರೂ ಬೆಳಗಿನಿಂದ ಎರಡು ಬಾಗಿಲು ಹಾಕಿಸಿಕೊಂಡು ಬೆವರಿದ್ದರು ಎಂಬುದು ಅವರ ಹಣೆ ನೋಡಿದರೇ ತಿಳಿಯುತ್ತಿತ್ತು.

ಎರಡು ದಿನ ಕಳೆದು ಅದು ತಾನಾಗಿ ಗೋಡೆ ಹಾರಿ ಈಚೆಗೆ ಬಂತು. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸ್ವಲ್ಪ ಹೊತ್ತು ಯೋಚಿಸಿ, ಗೋಡೆಯ ಕಡೆಗೇ ಮೂತಿ ಮಾಡಿ ಬಿಟ್ಟರು. ಅಲ್ಲಿಂದ ಮುಂದೆ ದಿನಾ ಇದೇ ಆಯಿತು. ಒಂದು ಮಾತಿಲ್ಲ. ಆಚೆಯಿಂದ ಬರುವ ಮೊದಲು ಒಂದು ಕೆಮ್ಮು, ಈಚೆಯಿಂದ ಹೋಗುವ ಮೊದಲು ಒಂದು ಕೆಮ್ಮು. ಕೆಲವು ಸಲ ಗೋಡೆಯ ತಲೆಗೆ ಬಡಿದು ಈಚೆಗೇ ಬೀಳುತ್ತಿತ್ತು. ಆಗ ಆಚೆಯಿಂದ ‘ಹೂಂ’ ಎಂಬ ಅಸಹನೆಯ ಸದ್ದು. ಜನ ಹೀಗೂ ಇರುತ್ತಾರೆಯೇ ಎಂದು ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಮಾತಾಡುವುದಕ್ಕೆ ಅಭಿಮಾನ ಅಡ್ಡ, ಆಡುವುದಕ್ಕೆ ಏನೂ ಅಡ್ಡವಿಲ್ಲ. ಇಷ್ಟು ಮಾಡುವವರು ಬಾಯಿ ಬಿಟ್ಟು ‘ಊಟ ಆಯ್ತಾ’ ಎಂದಿದ್ದರೆ ನನ್ನ ತಲೆಯ ಮೇಲಿನ ಭಾರ ಇಳಿಯುತ್ತಿರಲಿಲ್ಲವೇ?

ಶ್ರಾವಣಕ್ಕೆ ಮುಂಚಿನ ಒಂದು ದಿನ ವಿಮಾನ ಆಚೆ ಹೋದದ್ದು ವಾಪಸು ಬರಲಿಲ್ಲ. ಮಾವ ಕೆಮ್ಮಿದರು, ಮತ್ತೆ ಕೆಮ್ಮಿದರು. ಮರುದಿನ ಮಧ್ಯಾಹ್ನ ಬಂತು. ಬಂದದ್ದು ಹಾರಿಕೊಂಡಲ್ಲ, ಗೋಡೆ ದಾಟಿದ್ದೇ ಮೂತಿ ಕೆಳಗಾಗಿ ದೊಪ್ಪನೆ ಬಿತ್ತು. ನೋಡಿದರೆ ಬಲರೆಕ್ಕೆಯ ಬುಡದಲ್ಲಿ ಸೈಕಲ್ ಟ್ಯೂಬಿನ ಕಪ್ಪು ತೇಪೆ, ಅಂಗೈಯಷ್ಟು ಅಗಲ. ದೊಡ್ಡಮಾವನ ಮನೆಯ ಮೊಳೆಗೆ ತಗಲಿ ತೂತಾಗಿತ್ತು. ಅವರೇ ಕೂತು ಅಂಟಿಸಿದ್ದರು.

ಮಾವ ಅದನ್ನು ಕೈಯಲ್ಲಿ ತೂಗಿ ನೋಡಿದರು. ಮುಖ ಕೆಂಪಾಯಿತು. ಎರಡು ವರ್ಷದಿಂದ ಗುಮಾಸ್ತನ ಮೂಲಕ ಹೋಗುತ್ತಿದ್ದ ದನಿ ನೇರವಾಗಿ ಗೋಡೆಯ ಮೇಲೆ ಹೋಯಿತು.

“ಅಣ್ಣ, ಇದೇನು ಲಾರಿ ಟೈರಾ? ಬುದ್ಧಿ ಐತಾ ನಿನಗೆ? ಹಗುರ ಇರೋದಕ್ಕಲ್ಲವೇ ಅದು ಹಾರೋದು?”

ಆಚೆಯಿಂದ ದೊಡ್ಡಮಾವನ ದನಿ. “ಲೇ, ಹರಿದೋಗಿತ್ತು, ರಿಪೇರಿ ಮಾಡಿದೀನಿ. ಅದಕ್ಕೂ ತಪ್ಪು ಹಿಡೀತೀಯ?”

“ಕೇಳಿ ಮಾಡ್ಬೇಕಿತ್ತು.”

“ನೀನು ಏನು ಕೇಳಿ ಮಾಡಿದೀಯ? ಲಗ್ನಪತ್ರಿಕೆ ಕೇಳಿ ಮಾಡಿದ್ಯಾ?”

ಬಂತು ನೋಡಿ. ನಾನು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದೆ.

“ಪ್ರೆಸ್ಸಿನೋರು ಬಿಟ್ಟಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ, ಹೌದು. ಆದ್ರೆ ಅಚ್ಚಿಗೆ ಮುಂಚೆ ನಿನಗೇ ತೋರಿಸಿದ್ನಲ್ಲ. ನೀನೇ ನೋಡಿ ಸರಿ ಐತೆ ಅಂದೆ. ದೇವರ ಮುಂದೆ ಹೇಳು, ಅಂದ್ಯೋ ಇಲ್ವೋ?”

ಮಾವ ಗೋಡೆಯನ್ನೇ ನೋಡುತ್ತ ನಿಂತರು. ದೊಡ್ಡಮಾವ ತಗ್ಗಿದ ದನಿಯಲ್ಲಿ ಹೇಳಿದರು. “ಕನ್ನಡಕ ಇರ್ಲಿಲ್ಲ ಕಣಲೇ. ಕಾಣಲ್ಲ ಅಂತ ಹೇಳಕ್ಕೆ ನಾಚಿಕೆ ಆಯ್ತು. ಸರಿ ಐತೆ ಅಂದೆ.”

“ಮತ್ತೆ ಆಮೇಲಾದ್ರೂ ಹೇಳಬಾರದಿತ್ತಾ?”

“ಹೆಂಗೆ ಹೇಳ್ಲಿ? ಅಷ್ಟು ಜನದ ಮುಂದೆ ನಿನ್ನ ಬೈದಾಗಿತ್ತು.”

ಇದನ್ನು ಕೇಳಿ ಮಾವ ತಣ್ಣಗಾದರು. ನಾನು ಆಗಲಿಲ್ಲ. ಏನು ಬಂತೋ ಗೊತ್ತಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ನಡುಮನೆಗೆ ಬಂದೆ. ಮಾವನ ಎದುರಿಗೆ ಅಲ್ಲಿಯತನಕ ದನಿ ಎತ್ತಿದವಳಲ್ಲ.

“ಮಾವ, ದೊಡ್ಡಮಾವ, ಇಬ್ಬರೂ ಕೇಳ್ರಿ. ಕನ್ನಡಕ ಇರ್ಲಿಲ್ಲ ಅಂತ ಗೋಡೆ ಕಟ್ಟಿದ್ರಿ. ಎರಡು ವರ್ಷ ನನ್ನ ಕಾಲ್ಗುಣ ಅಂತ ನಾನು ಕೇಳಿದೀನಿ. ನೀರಿಗೆ ಹೋದ್ರೂ ಕೇಳಿದೀನಿ, ಮನೆಯೊಳಗೂ ಕೇಳಿದೀನಿ. ಇನ್ನು ಮಗು ಹುಟ್ಟತೈತೆ. ಅದರ ಕಾಲಿಗೆ ಏನು ಕಟ್ತೀರಿ ಈಗಲೇ ಹೇಳ್ರಿ. ಇಲ್ಲಾಂದ್ರೆ ನಾನು ನಮ್ಮೂರಿಗೆ ಹೋಗಿ ಹೆರ್ತೀನಿ, ವಾಪಸು ಬರಲ್ಲ.”

ಗೋಡೆಯ ಆಚೆಯಿಂದ ದೊಡ್ಡತ್ತೆಯ ದನಿ ಬಂತು. “ಸರಿಯಾಗಿ ಕೇಳ್ದೆ ಕಣವ್ವ.”

ಆಚೆ ಬಾಗಿಲು ತೆರೆದ ಸದ್ದಾಯಿತು. ದೊಡ್ಡಮಾವ ಬೀದಿ ಸುತ್ತಿ ನಮ್ಮ ಮುಂಬಾಗಿಲಿಗೆ ಬಂದರು. ಮೈಮೇಲೆ ಬನಿಯನ್ ಮಾತ್ರ. ಅಂಗಿಯಿಲ್ಲದೆ ಅವರನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಮುಂದೆ ನಿಂತರು.

“ಯಾರವ್ವ ಅಂದಿದ್ದು, ನಿನ್ನ ಕಾಲ್ಗುಣ ಅಂತ?”

ನಾನು ತಲೆ ತಗ್ಗಿಸಿದೆ. ಹೆಸರು ಹೇಳುವಷ್ಟು ಧೈರ್ಯ ಉಳಿದಿರಲಿಲ್ಲ. ಮಾವ ನನ್ನನ್ನು ನೋಡಿದರು, ನಮ್ಮವರು ನೆಲ ನೋಡಿದರು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆಯ ಬೆರಳುಗಳು ನಿಂತವು.

“ನಾನೇ ಅಂದಿದ್ದು” ಎಂದರು ಅತ್ತೆ. “ನಾಕು ಜನ ಅಂದ್ರು, ನಾನೂ ಅಂದೆ. ಸಂಕಟ ಆಗಿತ್ತು. ಯಾರ ಮೇಲಾದ್ರೂ ಹಾಕ್ಬೇಕಿತ್ತು. ನಿಮ್ಮಿಬ್ಬರಿಗೆ ಅನ್ನಕ್ಕೆ ಆಗಲಿಲ್ಲ. ಇವಳು ಸಿಕ್ಕಿದ್ಲು.”

ಇಷ್ಟು ಹೇಳಿ ಮೊರ ಬದಿಗಿಟ್ಟು ಒಳಗೆ ಹೋದರು. ಕ್ಷಮಿಸು ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ನಾನು ಬಿಟ್ಟು ಬಂದಿದ್ದ ಹಿಟ್ಟನ್ನು ಅವರೇ ತಟ್ಟುತ್ತಿರುವ ಸದ್ದು ಕೇಳಿಸಿತು. ದೊಡ್ಡಮಾವ ಕುಳಿತರು. ಮಾವ ಅವರ ಪಕ್ಕ ಕುಳಿತರು. ಅವತ್ತು ರೊಟ್ಟಿಯನ್ನು ಅತ್ತೆ ಮೊದಲು ನನಗೆ ತಂದು ಬಡಿಸಿದರು, ಆ ಗಂಡಸರಿಗಲ್ಲ. ಬಡಿಸುವಾಗ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ಉಂಡೆ.

ಕಥೆಯ ಉಳಿದದ್ದು ಸಣ್ಣದು. ಅಣ್ಣ ತಮ್ಮ ಇಬ್ಬರೂ ತಲೆಗೆ ತಲೆ ಕೊಟ್ಟು ಆ ತೇಪೆ ಕೀಳಲು ಕೂತರು. ತೇಪೆಯ ಜೊತೆ ರೆಕ್ಕೆಯೂ ಕಿತ್ತು ಬಂತು. ಯಾರಿಂದ ಕಿತ್ತಿತೆಂದು ಅವರು ಮುಂದೆ ಎಷ್ಟೋ ವರ್ಷ ವಾದ ಮಾಡಿದರು. ನನ್ನ ಅಣ್ಣನಿಗೆ ಇನ್ನೊಂದು ತಾ ಎಂದು ಹೇಳಿ ಕಳಿಸಿದರು. ಅವನು ಆ ಅಂಗಡಿಯಲ್ಲಿ ವಿಮಾನ ಸಿಗದೆ ಗಾಳಿ ತುಂಬುವ ಬಾತುಕೋಳಿ ತಂದ. ಇಬ್ಬರೂ ಅದನ್ನು ಮುಟ್ಟಲಿಲ್ಲ. ಗೋಡೆಯನ್ನು ಕೆಡವಲಿಲ್ಲ, ಅದಕ್ಕೊಂದು ಬಾಗಿಲು ಇಡಿಸಿದರು. ಮಗಳು ಹುಟ್ಟಿದಾಗ ದೊಡ್ಡಮಾವ ಅದೇ ಬಾಗಿಲಲ್ಲಿ ತೊಟ್ಟಿಲು ಕಟ್ಟಿಸಿದರು, ಎರಡು ಕಡೆಯಿಂದಲೂ ತೂಗಲು ಬರಲಿ ಎಂದು. ದಾಟುವವರು ಬಗ್ಗಿ ದಾಟಬೇಕು. ಅದೂ ನನಗೆ ಕಿರಿಕಿರಿಯೇ ಆಯಿತು. ಅತ್ತೆ ಬಂದವರ ಮುಂದೆ ನನ್ನ ಬಗ್ಗೆ, “ಬಾಯಿ ಜೋರು ಇವಳದ್ದು” ಎನ್ನುತ್ತಿದ್ದರು. ದೂರಿನಂತೆ ಶುರುವಾಗುವ ಆ ಮಾತು ಕೊನೆಗೆ ಬೇರೇನೋ ಆಗಿ ಕೇಳಿಸುತ್ತಿತ್ತು.

ಈಗ ನಾನೇ ಅತ್ತೆಯಾಗಿ, ಚಿತ್ರದುರ್ಗದಲ್ಲಿ, ಆ ಮಗಳ ಬೆನ್ನಿಗೆ ಹುಟ್ಟಿದ ಮಗನ ಮನೆಯಲ್ಲಿದ್ದೇನೆ. ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಸೊಸೆ ಬಂದು ಎದುರಿಗೆ ನಿಂತಳು.

“ಅತ್ತೆ, ನಿನ್ನೆ ಪಕ್ಕದ ಮನೆಯವರ ಹತ್ರ ನೀವು ಹೇಳಿದ್ದು ನನಗೆ ಕೇಳಿಸ್ತು. ಮದುವೆ ಆದ್ಮೇಲೆ ಮಗ ಮೊದಲಿನ ಹಾಗಿಲ್ಲ ಅಂದ್ರಲ್ಲ. ಬೇಜಾರಾಯ್ತು ನನಗೆ.”

ಮೊದಲು ಬಂದದ್ದು ಸಿಟ್ಟೇ. ಗೋಡೆಗೆ ಕಿವಿ ಕೊಟ್ಟಳೇ ಎಂದುಕೊಂಡೆ. ಮಗ ನಾಲ್ಕು ದಿನದಿಂದ ನನ್ನ ಮೊಣಕಾಲಿನ ಔಷಧಿ ತರಲು ಮರೆತಿದ್ದ, ನಾನು ಅದನ್ನು ಅವನಿಗೆ ಹೇಳದೆ ಪಕ್ಕದ ಮನೆಗೆ ಹೇಳಿದ್ದೆ. ಅದನ್ನೂ ತಪ್ಪು ಸೊಸೆಯ ಮೇಲೆ ಬರುವ ರೀತಿಯಲ್ಲಿ. ಅವಳು ಕೈ ಕಟ್ಟಿಕೊಂಡು ನಿಂತೇ ಇದ್ದಳು. ಹೋಗಲಿಲ್ಲ.

“ಕೂತ್ಕ ಬಾ” ಎಂದೆ. “ನಿನ್ನ ಮೇಲಲ್ಲ ಕಣವ್ವ ನನ್ನ ಸಿಟ್ಟು, ಅವನ ಮೇಲೆ. ನಾನು ಹಂಗೆ ಅನ್ನಬಾರದಿತ್ತು.”

“ಹಾಗಾದ್ರೆ ಅವರಿಗೇ ಹೇಳಿ” ಎಂದಳು ಅವಳು.

ನ್ಯಾಯವಾದ ಮಾತು. ಸಂಜೆ ಅವನು ಕೆಲಸದಿಂದ ಬರಲಿ ಎಂದು ಕಾಯುತ್ತಿದ್ದೇನೆ.